ಒಂದೇ ಪೆಟ್ಟಿಗೆಯ ಚೂರಿಗಳು

ನೋಣಯ್ಯನ ಮುಂದಿನ ಹಲ್ಲುಗಳು ಹೋದದ್ದು ವೇಣೂರಿನಲ್ಲಿ. ಕೆಂಪು ಬಸ್ಸಿನ ಕಂಡಕ್ಟರ್ ರಮಾನಾಥ ಜಾಕ್ ಲಿವರ್ ಬೀಸುವಾಗ ನೋಣಯ್ಯ ಬಾಯಿ ತುಂಬ ಬೈಯುತ್ತಿದ್ದನಂತೆ. ಬೈಗುಳ ಅರ್ಧಕ್ಕೇ ನಿಂತಿತು, ಉಳಿದರ್ಧ ರಕ್ತದ ಜೊತೆ ಹೊಟ್ಟೆಗೆ ಹೋಯಿತು.

ಆ ಸಂಜೆ ನೀಲಿ ಬಸ್ಸು ಮೂಡುಬಿದಿರೆ ಸ್ಟ್ಯಾಂಡಿಗೆ ಬಂದಾಗ ಅದಕ್ಕೆ ಬಲಬದಿಯ ಕನ್ನಡಿ ಇರಲಿಲ್ಲ. ಕಂಡಕ್ಟರ್ ನೋಣಯ್ಯ ಬಾಯಿಗೆ ಟವೆಲ್ ಒತ್ತಿಕೊಂಡು ಇಳಿದ. ಸುರಕ್ಷಾ ತನ್ನ ಫ್ಯಾನ್ಸಿ ಅಂಗಡಿಯ ಮೇಜಿನ ಹಿಂದೆ ನಿಂತು ನೋಡಿದ್ದು ಅವನನ್ನಲ್ಲ, ಡ್ರೈವರ್ ಸೀಟನ್ನು. ಅವಳ ಗಂಡ ಶೋಧನ್ ಅಲ್ಲಿದ್ದ. ಎರಡು ಕೈ, ಎರಡು ಕಣ್ಣು, ಅಂಗಿಯಲ್ಲಿ ರಕ್ತವಿಲ್ಲ. ಅವಳು ಉಸಿರು ಬಿಟ್ಟಳು. ತೊಂಬತ್ತೆಂಟರ ಆ ಬೇಸಗೆಯಲ್ಲಿ ಪ್ರತಿ ಸಂಜೆ ಅವಳು ಗಂಡನನ್ನು ಹೀಗೆ ಅಡಿಯಿಂದ ಮುಡಿಯವರೆಗೆ ನೋಡಿಯೇ ಒಳಗೆ ಕರೆಯುತ್ತಿದ್ದಳು.

ಜಗಳ ಟೈಮಿಂಗಿನದ್ದು. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ನೀಲಿ ಬಸ್ಸು ಮುಂದೆ, ಕೆಂಪು ಬಸ್ಸು ಅದರ ಬೆನ್ನಿಗೆ. ಮುಂದಿನದ್ದು ಸ್ಟಾಪಿನಲ್ಲಿ ಸ್ವಲ್ಪ ಹೆಚ್ಚು ನಿಂತರೆ ಹಿಂದಿನದ್ದರ ಜನರನ್ನೂ ಬಾಚಿಕೊಂಡು ಹೋಗುತ್ತದೆ. ಹಿಂದಿನದ್ದು ಖಾಲಿ ಸೀಟು ಹೊತ್ತುಕೊಂಡು ಘಾಟಿ ಹತ್ತಿದ ಹಾಗೆ ಕೂಗುತ್ತ ಬರಬೇಕು. ಮಾಲಕರು ಮನೆಯಲ್ಲಿ ಫ್ಯಾನಿನ ಅಡಿಯಲ್ಲಿ, ಹೊಡೆದಾಡುವವರು ಇವರು.

ವೇಣೂರಿನ ಗಲಾಟೆಯ ನಂತರ ಮಾಲಕರಿಬ್ಬರೂ ಸೇರಿ ರಾಜಿ ಮಾಡಿಸಿದರು. ಕೈ ಕುಲುಕಿಸಿದರು, ಚಾ ಕುಡಿಸಿದರು. ನೋಣಯ್ಯ ಚಾವನ್ನು ಬಾಯಿಯ ಒಂದು ಬದಿಯಿಂದ ಕುಡಿದ. ಸುರಕ್ಷಾಳಿಗೆ ಆ ರಾಜಿಯಲ್ಲಿ ನಂಬಿಕೆ ಹುಟ್ಟಲಿಲ್ಲ. ಅವಳಿಗೆ ನಂಬಿಕೆ ಇದ್ದದ್ದು ಬೇರೊಂದರಲ್ಲಿ. ರಮಾನಾಥನ ಕಿಸೆಯಲ್ಲಿದ್ದ ಚೂರಿ ಅವಳ ಅಂಗಡಿಯದ್ದು, ಮತ್ತು ಆ ಚೂರಿಯಿಂದ ಯಾರನ್ನೂ ಇರಿಯಲಿಕ್ಕೆ ಆಗುವುದಿಲ್ಲ.

ಮಂಗಳೂರಿನ ಹೋಲ್‌ಸೇಲ್ ಅಂಗಡಿಯಿಂದ ಒಂದು ಪೆಟ್ಟಿಗೆ ತುಂಬ ಬಂದ ಮಡಚುವ ಚೂರಿಗಳವು. ಕಪ್ಪು ಹಿಡಿ, ಹಿಡಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಎಲ್ಲೋ ದೂರದ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಒಂದೇ ಅಚ್ಚಿನಲ್ಲಿ ಉದುರಿದವು. ಅದನ್ನು ಮಾಡಿದ ಪುಣ್ಯಾತ್ಮ ಜನ್ಮದಲ್ಲಿ ಒಂದು ಸೌತೆಕಾಯಿಯನ್ನಾದರೂ ಕೊಯ್ದಿದ್ದಾನೋ ಇಲ್ಲವೋ ಎಂದು ಅವಳಿಗೆ ಸಂಶಯ. ಅಲಗನ್ನು ಎಳೆಯಲು ಕೊರೆದ ಗೀರಿನಲ್ಲಿ ಉಗುರು ನಿಲ್ಲುವುದಿಲ್ಲ, ಕೈ ಒದ್ದೆಯಾಗಿದ್ದರೆ ಮುಗಿಯಿತು. ಹೆಬ್ಬೆರಳಿನಿಂದ ತೆರೆಯಲೆಂದು ಅಲಗಿನ ಬದಿಗೆ ಒಂದು ಗುಂಡಿ ಕೂರಿಸಿದ್ದಾರೆ. ತೆರೆಯಲಿಕ್ಕೇನೋ ಅದು ಸುಲಭ, ಆದರೆ ಹಣ್ಣು ಕೊಯ್ಯುವಾಗ ಅದೇ ಗುಂಡಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಕಿಸೆಗೆ ಸಿಗಿಸುವ ಕ್ಲಿಪ್ಪು ಅಂಗೈಗೆ ಒತ್ತಿ ಬೊಕ್ಕೆ ಬರುತ್ತದೆ. ಅರ್ಧ ಅಲಗಿಗೆ ಗರಗಸದ ಹಲ್ಲು ಯಾಕೆ ಕೊಟ್ಟಿದ್ದಾರೆಂದು ದೇವರಿಗೇ ಗೊತ್ತು, ನಿಂಬೆಹಣ್ಣು ಹಿಡಿದರೆ ಹರಿದುಹೋಗುತ್ತದೆ.

ಇವೆಲ್ಲ ಕಿರಿಕಿರಿ. ನಿಜವಾದ ಅಪಾಯ ಲಾಕಿನಲ್ಲಿತ್ತು. ತೆರೆದ ಅಲಗಿನ ಬುಡಕ್ಕೆ ಹಿಡಿಯ ಒಳಗಿನಿಂದ ಒಂದು ತೆಳು ಸ್ಪ್ರಿಂಗ್ ಪಟ್ಟಿ ಅಡ್ಡ ಬರಬೇಕು. ಬರುತ್ತಿತ್ತು, ಆದರೆ ಅಂಚಿನಲ್ಲಿ ಮಾತ್ರ. ತುದಿಯನ್ನು ಗಟ್ಟಿಯಾದ ಯಾವುದಕ್ಕಾದರೂ ಒತ್ತಿದರೆ ಪಟ್ಟಿ ಜಾರಿ, ಅಲಗು ಹಿಡಿದವನ ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತಿತ್ತು.

ಉಜಿರೆಯಲ್ಲಿ ಬಿ.ಎ. ಓದಿದ ಸುರಕ್ಷಾ ಕೊಳ್ಳಲು ಬಂದ ಪ್ರತಿಯೊಬ್ಬನಿಗೂ ಒಂದು ಚೂರಿಯನ್ನು ತೆರೆದು ಇದನ್ನು ತೋರಿಸಿ ಹೇಳುತ್ತಿದ್ದಳು. ತೋರಿಸಿ ತೋರಿಸಿ ಆ ಚೂರಿಯ ಹದ್ದು ಮಾಸಿಹೋಗಿತ್ತು. ಪಕ್ಕದ ಸೋಡಾ ಅಂಗಡಿಯ ಅಬ್ದುಲ್ ಶುಕೂರ್ ನಗುತ್ತಿದ್ದರು. "ಮಾರಾಯ್ತಿ, ನೀನು ವ್ಯಾಪಾರಕ್ಕೆ ಕೂತದ್ದಾ, ಕೋರ್ಟಿನಲ್ಲಿ ಸಾಕ್ಷಿ ಹೇಳ್ಲಿಕ್ಕೆ ಕೂತದ್ದಾ?"

"ನಾಳೆ ಯಾರದ್ದಾದರೂ ಬೆರಳು ಹೋದರೆ ಶುಕೂರಾಕ?"

"ಹೋದರೆ ಬ್ಯಾಂಡೇಜೂ ನಿನ್ನ ಅಂಗಡಿಯಲ್ಲೇ ಉಂಟಲ್ಲ."

ರಮಾನಾಥನ ಬೆರಳಿಗೆ ಬ್ಯಾಂಡೇಜು ಬಿದ್ದದ್ದು ರಾಜಿಯಾದ ಮರುವಾರ. ಮಧ್ಯಾಹ್ನ ಟ್ರಿಪ್ಪಿನ ನಡುವೆ ಶೋಧನ್ ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದ. ರಮಾನಾಥ ಬಂದವನೇ ಚೂರಿಯನ್ನು ಮೇಜಿನ ಮೇಲೆ ಕುಕ್ಕಿದ. ಸ್ಟ್ಯಾಂಡಿನ ಅರ್ಧ ಜನ ತಿರುಗಿ ನೋಡಿದರು.

"ಪಾರ್ಸೆಲ್ಲಿನ ಹಗ್ಗಕ್ಕೆ ಚುಚ್ಚಿದ್ದು, ಕೊಯ್ದದ್ದು ನನ್ನನ್ನೇ. ಎಂತ ಅಕ್ಕ, ಇದು ಚೂರಿಯಾ, ಇಲಿಬೋನಾ?"

"ನಾನು ಆವತ್ತೇ ಹೇಳಿದ್ದೇನೆ," ಎಂದಳು ಸುರಕ್ಷಾ ಮೆಲ್ಲಗೆ. "ದುಡ್ಡು ವಾಪಸ್ ಕೊಡ್ತೇನೆ. ಚೂರಿ ಇಲ್ಲೇ ಬಿಟ್ಟು ಹೋಗಿ."

"ದುಡ್ಡು ಯಾರಿಗೆ ಬೇಕು? ಗಂಡ ನಮ್ಮ ಪ್ಯಾಸೆಂಜರನ್ನು ಕದಿಯುವುದು, ಹೆಂಡತಿ ಲಟಾರಿ ಸಾಮಾನು ಮಾರುವುದು. ಒಳ್ಳೆ ಜೋಡಿ."

ಶೋಧನ್ ಕೈ ತೊಳೆಯದೆ ಎದ್ದ. ಹೊಡೆದೇ ಬಿಡುತ್ತಾನೆಂದು ಸುರಕ್ಷಾ ಮೇಜಿನ ಹಿಂದಿನಿಂದ ಈಚೆ ಬಂದಳು. ಆದರೆ ಅವನು ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದ. ಎಂಜಲು ಕೈಯನ್ನು ಪ್ಯಾಂಟಿಗೆ ಒರೆಸಿ ಆ ಚೂರಿಯನ್ನು ಎತ್ತಿಕೊಂಡ.

"ನನ್ನ ಅಂಗಡಿಯ ಸಾಮಾನು ಲಟಾರಿಯಾ? ಲಾರಿಯ ಸ್ಪ್ರಿಂಗ್ ಪ್ಲೇಟ್ ಬಗ್ಗಿಸಿದ ಕೈ ಮಾರಾಯ ಇದು. ನಿಲ್ಲು, ನೋಡಿಕೊಂಡು ಹೋಗು."

ಮೇಜಿನ ಮೇಲಿನ ಸ್ಕ್ರೂಡ್ರೈವರಿನಿಂದ ಸ್ಪ್ರಿಂಗ್ ಪಟ್ಟಿಯನ್ನು ಒಳಕ್ಕೆ ಬಗ್ಗಿಸಿದ. ಬಸ್ಸಿನಿಂದ ಅರ ತರಿಸಿ ಅಲಗಿನ ಬುಡವನ್ನು ಉಜ್ಜಿದ. ಕಪ್ಪು ಬಣ್ಣ ಹೋಗಿ ಉಕ್ಕು ಬೆಳ್ಳಗೆ ಹೊಳೆಯಿತು. ಸುರಕ್ಷಾ ಅವನ ಬೆನ್ನ ಹಿಂದೆ ನಿಂತು, "ಬಿಡಿ, ಹೊಸತೊಂದು ಕೊಡುವ," ಎಂದಳು. "ಸುಮ್ಮನಿರು," ಎಂದ. ಇನ್ನೇನು ಹೇಳುವುದು? ಇವನ ಕೈಗೆ ಗಟ್ಟಿ ಚೂರಿ ಕೊಡಬೇಡಿ, ನಿಮ್ಮ ಹೊಟ್ಟೆಗೇ ಹಾಕುತ್ತಾನೆ ಎಂದು ಅವನೆದುರೇ ಹೇಳುವುದಾ? ನೋಡುತ್ತ ನಿಂತ ಜನರೆದುರು?

ಶೋಧನ್ ಚೂರಿಯನ್ನು ಮರದ ಪೆಟ್ಟಿಗೆಗೆ ಬೀಸಿ ಚುಚ್ಚಿದ. ಅಲಗು ಹಲಗೆಗೆ ಇಳಿದು ನಿಂತಿತು, ಕದಲಲಿಲ್ಲ. ಜನ 'ಹೋ' ಎಂದರು.

"ಈಗ ಸರಿಯಾದ ಚೂರಿ ಆಯ್ತು," ರಮಾನಾಥನ ಮುಖದಲ್ಲಿ ನಗು ಬಂತು. "ಮಡಚುವುದು ಹೇಗೆ?"

"ಸ್ಕ್ರೂಡ್ರೈವರಿನ ತುದಿಯಲ್ಲಿ ಪಟ್ಟಿಯನ್ನು ಒತ್ತಬೇಕು. ಬೆರಳಿಗೆ ಬಗ್ಗುವುದಿಲ್ಲ ಇನ್ನು." ಶೋಧನ್ ಒತ್ತಿ ಮಡಚಿ ಮೇಜಿನ ಮೇಲಿಟ್ಟ, ಕೈ ತೊಳೆಯಲು ಹಿಂದಿನ ನಳ್ಳಿಗೆ ಹೋದ.

"ಅಲ್ಲೇ ಇರಲಿ ಅಕ್ಕ, ಒಂದು ಸೋಡಾ ಕುಡಿದು ಬಂದೆ," ಎಂದು ರಮಾನಾಥ ಶುಕೂರರ ಅಂಗಡಿಗೆ ನಡೆದ.

ಮೇಜಿನ ಮೇಲೆ ಅವನ ಚೂರಿ. ಅದರ ಹದ್ದು ಮಾಸಿತ್ತು. ಮೇಜಿನ ಒಳಗೆ, ಎಲ್ಲರಿಗೂ ತೆರೆದು ತೋರಿಸುವ ಅವಳ ಚೂರಿ. ಅದರ ಹದ್ದೂ ಮಾಸಿತ್ತು. ಸುರಕ್ಷಾಳ ಕೈ ಅವಳನ್ನು ಕೇಳಲಿಲ್ಲ. ರಮಾನಾಥ ತೇಗುತ್ತ ಬಂದು ಎತ್ತಿಕೊಂಡು ಹೋದದ್ದು ತೋರಿಸುವ ಚೂರಿಯನ್ನು, ಜಾರುವ ಲಾಕಿನದ್ದನ್ನು. ಶೋಧನ್ ಸರಿ ಮಾಡಿದ್ದು ಅವಳ ಡ್ರಾಯರಿನಲ್ಲಿ ಉಳಿಯಿತು, ಹಳೆ ಬಟ್ಟೆಯ ಕೆಳಗೆ. ಸಂಜೆ ಬಾಗಿಲು ಹಾಕಿ ಹೋಗುವಾಗ ಕೆರೆಗೆ ಎಸೆಯುವ ಎಂದುಕೊಂಡಳು.

ಸಂಜೆಯ ಹೊತ್ತಿಗೆ ರಾಜಿ ಮುರಿದಿತ್ತು. ಗುರುವಾಯನಕೆರೆಯಲ್ಲಿ ಮದುವೆಯ ದಿಬ್ಬಣದ ಜನ ನಿಂತಿದ್ದರಂತೆ. ನೀಲಿ ಬಸ್ಸು ಅವರನ್ನೆಲ್ಲ ಹತ್ತಿಸಿಕೊಳ್ಳುವವರೆಗೆ ಕದಲದೆ ನಿಂತಿತಂತೆ. ಕೆಂಪು ಬಸ್ಸು ಉದ್ದಕ್ಕೂ ಹಾರ್ನ್ ಒತ್ತುತ್ತಲೇ ಬಂತು. ಸ್ಟ್ಯಾಂಡಿನೊಳಗೆ ಅದು ಪೂರ್ತಿ ನಿಲ್ಲುವ ಮೊದಲೇ ರಮಾನಾಥ ಹಾರಿದ, ನೀಲಿ ಬಸ್ಸಿನ ಡ್ರೈವರ್ ಬಾಗಿಲು ತೆರೆದು ಶೋಧನನನ್ನು ಕಾಲರ್ ಹಿಡಿದು ನೆಲಕ್ಕೆ ಎಳೆದ.

"ಮದುವೆ ಊಟ ಬೇಕಾ ನಿನಗೆ? ತಿನ್ನು!"

ತಲೆಯನ್ನು ಚಕ್ರದ ಬೋಲ್ಟಿಗೆ ಬಡಿದ. ಮತ್ತೆ ಬಡಿದ. ನೋಣಯ್ಯ ಬಿಡಿಸಲು ಹೋಗಿ ಪಕ್ಕೆಗೆ ಒದೆ ತಿಂದು ಕುಸಿದ. ಶೋಧನ್ ಕೆಳಗಿನಿಂದಲೇ ಮೊಣಕಾಲು ಎತ್ತಿ ರಮಾನಾಥನ ತೊಡೆಸಂದಿಗೆ ಕೊಟ್ಟ, ಎದ್ದ, ಮೂಗಿಗೆ ಗುದ್ದಿದ. ಮೂಗು ಮುರಿದ ಸದ್ದು ಅಂಗಡಿಯವರೆಗೆ ಕೇಳಿಸಿತು. ರಮಾನಾಥ ರಕ್ತ ಉಗಿದು ಕಿಸೆಗೆ ಕೈ ಹಾಕಿದ.

ಟಕ್ ಎಂದು ಅಲಗು ತೆರೆಯಿತು. ಜನ ಹಿಂದಕ್ಕೆ ಸರಿದರು. ಸುರಕ್ಷಾ ಒಬ್ಬಳೇ ಮುಂದಕ್ಕೆ ಬಂದಳು. ರಮಾನಾಥ ಶೋಧನನ ಹೊಟ್ಟೆಗೆ ಗುರಿಯಿಟ್ಟು ಪೂರ್ತಿ ಬಲ ಹಾಕಿ ಚುಚ್ಚಿದ. ತುದಿ ಬೆಲ್ಟಿನ ಬಕಲ್ಲಿಗೆ ತಾಗಿತು. ಪಟ್ಟಿ ಜಾರಿತು. ಅಲಗು ಹಿಂದಕ್ಕೆ ಮಡಚಿ, ಗರಗಸದ ಹಲ್ಲುಗಳ ಸಮೇತ ಅವನ ಬೆರಳುಗಳ ಮೇಲೆ ಕೂತಿತು. ಅವನು ಕೈ ಕೊಡಹಿದಾಗ ತೋರುಬೆರಳು ಬರೀ ಚರ್ಮದಲ್ಲಿ ನೇತಾಡುತ್ತಿತ್ತು.

ಅವನು ಕಿರುಚಿದ. ಸುರಕ್ಷಾಳಿಗೆ ಸಂತೋಷವಾಯಿತು. ಹಾಗೆ ಆಗಬಾರದಿತ್ತು, ಆದರೂ ಆಯಿತು. ಶೋಧನನ ಹೊಟ್ಟೆಯಲ್ಲಿ ಗಾಯವಿಲ್ಲ. ತಲೆ ಮಾತ್ರ ಒಡೆದಿದೆ, ಅದಕ್ಕೆ ಕಟ್ಟಬಹುದು. ಅವನು ತೂರಾಡುತ್ತ ಅಂಗಡಿಯ ಕಡೆಗೇ ಬಂದ. ಅವಳು ಓಡಿಹೋಗಿ ಡ್ರಾಯರ್ ಎಳೆದು ಹಳೆ ಬಟ್ಟೆಯನ್ನು ತೆಗೆದಳು.

ಅಷ್ಟರಲ್ಲಿ ಶುಕೂರ್, "ಏ, ಬೇಡ!" ಎಂದು ಕೂಗಿದರು. ರಮಾನಾಥ ಎಡಗೈಯಲ್ಲಿ ಅವರ ಸೋಡಾ ಬಾಟ್ಲಿ ಎತ್ತಿ ಮೇಜಿನ ಅಂಚಿಗೆ ಒಡೆದು, ಒಡಕು ಕತ್ತನ್ನು ಹಿಡಿದು ಬರುತ್ತಿದ್ದ. ಮುರಿದ ಗಾಜು ಶೋಧನನ ಹೆಗಲಿಗೆ ಇಳಿಯಿತು, ಕಿತ್ತು ಮತ್ತೆ ಎದ್ದಿತು. ಶೋಧನ್ ಮೇಜಿನ ಮೇಲೆ ಮಗುಚಿ ಬಿದ್ದ. ಅವನ ಕೈ ತೆರೆದ ಡ್ರಾಯರಿನೊಳಗೆ ಹೋಯಿತು. ಬಟ್ಟೆ ತೆಗೆದ ಜಾಗದಲ್ಲಿ ಚೂರಿ ಇತ್ತು.

"ಅದು ಬೇಡ!" ಎಂದಳು ಸುರಕ್ಷಾ. "ಅದು ಅಲ್ಲ!"

ಅವನಿಗೆ ಕೇಳಿಸಲಿಲ್ಲ. ಹೆಬ್ಬೆರಳಿನಲ್ಲಿ ಅಲಗು ತೆರೆದ, ತಿರುಗಿದ, ಮೈಮೇಲೆ ಬರುತ್ತಿದ್ದವನ ಎದೆಗೆ ದೂಡಿದ. ರಮಾನಾಥನ ಭಾರವೂ ಸೇರಿ ಚೂರಿ ಹದ್ದಿನವರೆಗೆ ಒಳಗೆ ಹೋಯಿತು. ಶೋಧನ್ ಎಳೆದು ತೆಗೆದ. ರಮಾನಾಥ ಇನ್ನೂ ನಿಂತಿದ್ದ, ಬಾಟ್ಲಿಯೂ ಕೈಯಲ್ಲಿತ್ತು, ಅದಕ್ಕೆ ಮತ್ತೊಮ್ಮೆ ದೂಡಿದ.

ರಮಾನಾಥ ಅಂಗಡಿಯ ಮೆಟ್ಟಿಲಿನ ಮೇಲೆ, ಬಸ್ಸಿಗೆ ಕಾಯುವವನ ಹಾಗೆ ಕೂತ. ಏನೋ ಹೇಳಲು ಬಾಯಿ ತೆರೆದ, ನೊರೆ ಬಂತು. ಶುಕೂರ್ ಅವನ ತಲೆ ಹಿಡಿದು, "ರಿಕ್ಷಾ ತನ್ನಿ, ಯಾರಾದರೂ ರಿಕ್ಷಾ ತನ್ನಿ," ಎಂದು ಕೂಗುತ್ತಲೇ ಇದ್ದರು. ರಿಕ್ಷಾ ಬಂದಾಗ ಅವರು ಕೂಗುವುದನ್ನು ನಿಲ್ಲಿಸಿ ತಲೆಯನ್ನು ಮೆಲ್ಲನೆ ನೆಲಕ್ಕಿಟ್ಟರು. ಮಂಗಳೂರಿನ ಆಸ್ಪತ್ರೆಗೆ ಒಯ್ಯುವಂಥದ್ದು ಏನೂ ಉಳಿದಿರಲಿಲ್ಲ.

ಶೋಧನ್ ಮೇಜಿಗೆ ಒರಗಿ ನಿಂತಿದ್ದ. ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಚೂರಿಯನ್ನು ಮಡಚಲು ನೋಡುತ್ತಿದ್ದ. ಮಡಚಿ ಒಳಗಿಟ್ಟರೆ ಎಲ್ಲ ಮುಗಿಯುತ್ತದೆ ಎಂಬ ಹಾಗೆ ಹೆಬ್ಬೆರಳಿನಿಂದ ಪಟ್ಟಿಯನ್ನು ಒತ್ತಿದ, ಒತ್ತಿದ. ಅದು ಬಗ್ಗಲಿಲ್ಲ. ಬೆರಳಿನ ಚರ್ಮ ಸುಲಿಯಿತು.

"ನಾನು ಹೆದರಿಸ್ಲಿಕ್ಕೆ ಹಿಡಿದದ್ದು ಸುರಕ್ಷಾ," ಎಂದ. "ನಮ್ಮ ಚೂರಿ ಅಲ್ವಾ? ತಾಗಿದ ಕೂಡಲೇ ಮಡಚ್ತದೆ ಅಂತ ಗ್ರಹಿಸಿದೆ."

ಆಮೇಲೆ ಅವನು ಚೂರಿಯನ್ನು ಅಂಗಿಯ ತುದಿಯಲ್ಲಿ ಒರೆಸಿದ. ಅಲಗಿನ ಬುಡದಲ್ಲಿ ತಾನೇ ಉಜ್ಜಿದ ಅರದ ಗುರುತು ಬೆಳ್ಳಗೆ ಹೊಳೆಯಿತು. ಅದನ್ನು ನೋಡಿದ. ಮೆಟ್ಟಿಲಿನಾಚೆ ರಕ್ತದಲ್ಲಿ ಬಿದ್ದಿದ್ದ ಇನ್ನೊಂದು ಚೂರಿಯನ್ನು ನೋಡಿದ. ಮತ್ತೆ ಹೆಂಡತಿಯ ಮುಖವನ್ನು ನೋಡಿದ.

"ಇದು ಇಲ್ಲಿಗೆ ಹೇಗೆ ಬಂತು?"

ಸ್ಟ್ಯಾಂಡಿನ ಬಾಯಿಯಲ್ಲಿ ಪೊಲೀಸ್ ಸೀಟಿ ಕೇಳಿಸಿತು. ಸುರಕ್ಷಾ ಅವನ ಮೈಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎರಡು ಕೈ, ಎರಡು ಕಣ್ಣು, ಜೀವ ಇತ್ತು. ಮಧ್ಯಾಹ್ನ ಅವನು ಪಟ್ಟಿ ಒತ್ತಿ ಮಡಚಿದ ಸ್ಕ್ರೂಡ್ರೈವರ್ ಮೇಜಿನ ಮೇಲೆಯೇ ಇತ್ತು. ಅವಳು ಅದನ್ನು ಎತ್ತಿ ಅವನ ಕಡೆಗೆ ಚಾಚಿದಳು.