ಜೇನುಶುಂಠಿ ಹಚ್ಚುವ ದಿನ

ಆವಿಯಲ್ಲಿ ಮೊದಲು ಕಾಣುವುದು ಮೊಣಕಾಲುಗಳು, ಯಾರವೆಂದು ಗೊತ್ತಾಗದ ಮೊಣಕಾಲುಗಳು, ಆಮೇಲೆ ಒಂದು ಕೈ, ತಾಮ್ರದ ಚೆಂಬು, ಒದ್ದೆ ಜಡೆ, ಗುಮ್ಮಟದ ಕಿಂಡಿಯಿಂದ ಇಳಿಯುವ ಬೆಳಕು ನೆಲ ಮುಟ್ಟುವ ಮೊದಲೇ ಕರಗಿಹೋಗುತ್ತದೆ – ಒಳ್ಳೆಯದೇ ಆಯಿತು, ಈ ಹಮ್ಮಾಮಿನಲ್ಲಿ, ಓಣಿಯ ಹೆಂಗಸರ ಬಿಸಿ ಸ್ನಾನದ ಮನೆಯಲ್ಲಿ, ಯಾರಿಗೂ ಯಾರೂ ಪೂರ್ತಿ ಕಾಣುವುದಿಲ್ಲ, ನಾನೂ ಕಾಣುವುದಿಲ್ಲ, ಬಿಸಿ ಕಲ್ಲಿನ ಮೇಲೆ ಬೋರಲು ಮಲಗಿದರೆ ಹೊಟ್ಟೆ ಕಲ್ಲಿಗೆ ಸೇರಿದ್ದು, ಬೆನ್ನು ಮಾತ್ರ ಲೋಕಕ್ಕೆ. ಬೆನ್ನು ಚೆನ್ನಾಗಿದೆ. ಬೆನ್ನು ಮಕ್ಕಳನ್ನು ಹೆರಲಿಲ್ಲ. ನಾಳೆ ಎರ್ಗಶ್ ಬರುತ್ತಾರೆ, ರಷ್ಯಾದ ಕಟ್ಟಡ ಕೆಲಸದಿಂದ, ಎರಡು ಚಳಿಗಾಲದ ಮೇಲೆ, ಹಾಗೆ ಗಂಡ ಬರುವ ಮುನ್ನಾದಿನ ಹೆಂಡತಿಯನ್ನು ಇಲ್ಲಿಗೆ ಕರೆತಂದು ಮದುಮಗಳಂತೆ ತಿಕ್ಕಿ ತೊಳೆಯುವುದು ಬುಖಾರಾದ ನಮ್ಮ ಓಣಿಯವರ ರೂಢಿ, ಕೊನೆಯಲ್ಲಿ ಜೇನಿನಲ್ಲಿ ಕಲಸಿದ ಶುಂಠಿಪುಡಿ, ಕುತ್ತಿಗೆಯಿಂದ ಪಾದದವರೆಗೆ, ಚರ್ಮ ಕೆಂಪಾಗುವವರೆಗೆ. ಸನೋಬರ್, ನಿದ್ದೆ ಮಾಡ್ಬೇಡ್ವೇ, ನಾಳೆಯಿಂದ ನಿದ್ದೆ ಎಲ್ಲಿ, ಎಂದು ಪಕ್ಕದ ಕಲ್ಲಿನಿಂದ ನೆರೆಮನೆಯ ಜುಮಾಗುಲ್ ಅತ್ತೆ ಕೂಗುತ್ತಾಳೆ, ಎಲ್ಲರೂ ನಗುತ್ತಾರೆ, ನಗು ಗುಮ್ಮಟಕ್ಕೆ ಹೋಗಿ ದಪ್ಪವಾಗಿ ಹಿಂದೆ ಬರುತ್ತದೆ, ನಾನೂ ನಗುತ್ತೇನೆ, ತೊಡೆಗಳನ್ನು ಮಾತ್ರ ಬಿಗಿಹಿಡಿದಿದ್ದೇನೆ – ಬೆವರು ಅಲ್ಲಿಗೆ ಇಳಿದರೂ ಸಾಕು, ಉರಿ, ಬ್ಲೇಡು ತಾಗಿದ ಬೆರಳನ್ನು ಉಪ್ಪುನೀರಿಗೆ ಅದ್ದಿದಂತೆ. ಬೆವರಿಗೇ ಹೀಗಾದರೆ ಶುಂಠಿಗೆ ಏನಾದೀತು.

ಅವರು ವಿಡಿಯೋ ಕರೆ ಮಾಡಿದಾಗ ಫೋನನ್ನು ಎತ್ತರಕ್ಕೆ ಹಿಡಿಯುತ್ತಿದ್ದೆ, ಕತ್ತಿನವರೆಗೆ ಮಾತ್ರ ಕಾಣುವಂತೆ, ಏನೇ ಇದು, ಪಾಸ್‌ಪೋರ್ಟ್ ಫೋಟೋ ಥರ ಬರೀ ಮುಖ ತೋರಿಸ್ತೀಯ, ಎಂದು ಎರ್ಗಶ್ ನಗುತ್ತಿದ್ದರು, ಅವರ ಹಿಂದೆ ಹಿಮ, ಕಬ್ಬಿಣದ ಸರಳುಗಳು, ನಾನು ಸಿಗ್ನಲ್ ಸರಿಯಿಲ್ಲ ಎನ್ನುತ್ತಿದ್ದೆ. ಅವರು ಊರಲ್ಲಿದ್ದಾಗ ದೀಪ ಆರಿಸಿ ಎಂದವಳೂ ನಾನೇ, ಅವರು ಯಾವತ್ತೂ ಹೇಳಿದವರಲ್ಲ, ಅವಳಿ ಮಕ್ಕಳು ಹುಟ್ಟಿದ ಮೇಲೆ ಹೊಟ್ಟೆ ಉಬ್ಬಿ ಕುಸಿದ ನಾನ್ ರೊಟ್ಟಿಯ ಹಿಟ್ಟಿನಂತೆ ಜೋತಿತು, ಹೊಕ್ಕುಳಿನ ಕೆಳಗೆಲ್ಲ ನೇರಳೆ ಗೆರೆ, ಹೆರಿಗೆ ಮನೆಯಲ್ಲಿ ಪಕ್ಕೆ ಹೊರಳಿಸುತ್ತಿದ್ದ ಆಯಾ ಇನ್ನೊಬ್ಬಳಿಗೆ ಹೇಳಿದ್ದಳು, ನೋಡೇ, ಮೂಟೆ ಖಾಲಿ ಆಯ್ತು, ಚೀಲ ಉಳ್ಕೊಂಡ್ತು. ಅವಳು ಕೆಟ್ಟವಳಲ್ಲ, ಆಮೇಲೆ ನನಗೆ ಚಹಾ ಕುಡಿಸಿದಳು. ಚಹಾದ ರುಚಿ ನೆನಪಿಲ್ಲ. ಹೊಟ್ಟೆ ಹೀಗಾದರೆ ಒಳಗೂ ಹೀಗೇ ಆಗಿರಬೇಕು ಎಂದುಕೊಂಡೆ, ಎಲ್ಲ ಸಡಿಲ, ಎಲ್ಲ ಚೀಲ, ಯಾರೂ ಹೇಳದೆಯೇ ನಾನೇ ಲೆಕ್ಕ ಹಾಕಿದೆ, ಅವರು ಊರಿಗೆ ಬರುವ ಸುದ್ದಿ ತಿಳಿದಾಗ ಬಾಷೋರತ್ ಅಕ್ಕ ಬಂದಳು, ಎರ್ಗಶ್‌ರ ಅಣ್ಣನ ಹೆಂಡತಿ, ನನ್ನ ಓರಗಿತ್ತಿ, ಮೂವರನ್ನು ಹೆತ್ತರೂ ಹುರಿಗೊಳಿಸಿದ ರೇಷ್ಮೆಯಂಥ ಸೊಂಟ, ಓಣಿಯಲ್ಲಿ ನಡೆದರೆ ಮುದುಕಿಯರೂ ತಿರುಗಿ ನೋಡುವ ಹೆಂಗಸು, ಕೈಯಲ್ಲಿ ಬಟ್ಟೆ ಸುತ್ತಿದ ಪಟಿಕದ ಕಲ್ಲು, ಗಡ್ಡ ಹೆರೆದ ಗಾಯಕ್ಕೆ ಕ್ಷೌರಿಕರು ಉಜ್ಜುತ್ತಾರಲ್ಲ, ಅದೇ. ಇಟ್ಕೊಳ್ಳೇ, ಯಾರಿಗೂ ಹೇಳ್ಬೇಡ, ಆ ಜಾಗಕ್ಕೆ ಹಾಕ್ಕೋ, ಒಳಗೆ ಬಿಗಿ ಮಾಡುತ್ತೆ, ಮಕ್ಕಳಪ್ಪ ಬರೋಷ್ಟರಲ್ಲಿ ಹೊಸ ಹೆಣ್ಣು ಆಗಿರ್ತೀಯ, ನಂಗೂ ನಮ್ಮತ್ತೆ ಹೀಗೇ ಕೊಟ್ಟಿದ್ರು. ಬಿಗಿಯಾಗುವುದೇ ಗುಣ ಎಂದುಕೊಂಡೆ, ಒಣಗಿದಾಗ ಸಂತೋಷಪಟ್ಟೆ, ಉರಿದಾಗ ಕೆಲಸ ಮಾಡುತ್ತಿದೆ ಎಂದುಕೊಂಡೆ, ಇನ್ನೂ ಹೆಚ್ಚು ಹಾಕಿದೆ, ರಕ್ತ ಕಂಡಾಗ – ಮುಟ್ಟಿನ ರಕ್ತವಲ್ಲ ಅದು, ತೆಳುವು, ಸಣ್ಣ ಸಣ್ಣ ಚುಕ್ಕೆ – ಹೆಂಗಸರ ಆಸ್ಪತ್ರೆಗೆ ಹೋದೆ, ಪರದೆಯ ಹಿಂದೆ ನಿಂತೆ, ಸೊಂಟದ ಕೆಳಗಿನ ಬಟ್ಟೆ ತೆಗೆದು ಮಲ್ಕೊಳಮ್ಮ ಎಂದರು ಡಾಕ್ಟರು, ಮೃದುವಾದ ದನಿ, ಹೆಣ್ಣು ದನಿ, ಮೇಲೆ ಬೆಳ್ಳನೆಯ ಟ್ಯೂಬ್‌ಲೈಟು. ಮನೆಯಲ್ಲಿ ಒಲೆ ಆರಿಸುವುದು ಮರೆತೆ ಎಂದು ಹೇಳಿ ಓಡಿಬಂದೆ. ಗಾಯಕ್ಕಲ್ಲ, ಟ್ಯೂಬ್‌ಲೈಟಿಗೆ ಹೆದರಿದೆ.

ತಿರುಗೇ, ಎನ್ನುತ್ತಾಳೆ ಬಾಷೋರತ್ ಅಕ್ಕ, ಬೆನ್ನು ಆಯ್ತು, ಈ ಕಡೆ ತಿರುಗು, ಬಟ್ಟಲು ಅವಳ ತೊಡೆಯ ಮೇಲೆ, ಜೇನು ಆವಿಗೆ ಇಳಿದು ತೆಳ್ಳಗಾಗಿದೆ, ಶುಂಠಿಯ ಘಾಟು ಕಣ್ಣಿಗೆ ಬರುತ್ತದೆ. ಅವಳು ಎತ್ತಿದ ಬೆರಳ ತುದಿಯಲ್ಲಿ ಒಂದು ಹಳದಿ ಹನಿ. ಅದು ಇನ್ನೇನು ಹೊಟ್ಟೆಗೆ ಬೀಳುತ್ತದೆ, ಬೆವರಿನ ಜೊತೆ ಹರಿಯುತ್ತದೆ, ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ, ನಾಳೆ ಅವರು ಬರುತ್ತಾರೆ, ಹಲ್ಲು ಕಚ್ಚಿ ಮಲಗಿದರೆ ಆಯಿತು, ಕತ್ತಲಲ್ಲಿ ಮುಖ ಯಾರಿಗೆ ಕಾಣುತ್ತದೆ, ಆಮೇಲೆ ನಾಡಿದ್ದು, ಆಮೇಲೆ ಅದರ ಮರುದಿನ, ಇಡೀ ವಸಂತ – ಹನಿ ಉದ್ದವಾಗುತ್ತಿದೆ – ನನ್ನ ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿದೆ, ಯಾವಾಗ ಹಿಡಿಯಿತೋ, ನಾನು ಅಂಗಾತ ಮಲಗಿದ್ದೇನೆ, ಹೊಟ್ಟೆ, ಗೆರೆಗಳು, ಎಲ್ಲ ಮೇಲಕ್ಕೆ, ಬೇಡ ಅಕ್ಕ, ಹಚ್ಬೇಡ, ಒಳಗೆ ಗಾಯ ಆಗಿದೆ, ನೀ ಕೊಟ್ಟ ಆ ಕಲ್ಲಿಂದ, ರಕ್ತ ಬರ್ತಿದೆ. ಹೇಳಿಬಿಟ್ಟೆ. ಗುಮ್ಮಟ ಅದನ್ನು ದಪ್ಪ ಮಾಡಿ ಹಿಂದೆ ಕಳಿಸಲಿಲ್ಲ, ಅಷ್ಟು ಸಣ್ಣಗೆ ಹೇಳಿದ್ದೆ. ಅವಳು ನನ್ನ ಹೊಟ್ಟೆ ನೋಡುವುದಿಲ್ಲ, ಮುಖ ನೋಡುತ್ತಾಳೆ, ಅವಳ ತುಟಿ ಬಿಳಿಚಿದೆ, ಈ ಬಿಸಿಯಲ್ಲೂ. ಉರಿಯುತ್ತಾ, ಎನ್ನುತ್ತಾಳೆ. ಹೂಂ. ಉಚ್ಚೆಗೆ ಹೋದಾಗ್ಲೂ? ಹೂಂ. ಅವರು ಜೊತೆಗಿದ್ದಾಗ ಚಾಕು ಹಾಕ್ದಂಗೆ? ಅವರಿನ್ನೂ ಬಂದಿಲ್ವಲ್ಲಕ್ಕ, ಅದು ನಿಂಗೆ ಹೇಗೆ ಗೊತ್ತು. ಅವಳ ರೇಷ್ಮೆಯಂಥ ಸೊಂಟ ಉಸಿರಿಗೆ ಒಂದು ಸಲ ಒಳಗೆ ಹೋಗುತ್ತದೆ, ಆಮೇಲೆ ತಗ್ಗಿದ ದನಿಯಲ್ಲಿ, ಎಲ್ಲಾರಿಗೂ ಹಂಗೇ ಇರುತ್ತೆ ಅಂದ್ಕೊಂಡಿದ್ದೆ ಕಣೇ, ಇಷ್ಟು ವರ್ಷ. ಇಷ್ಟು ವರ್ಷ ಇವಳ ಹಿಂದೆ ನಡೆದಿದ್ದೇನೆ, ಇವಳ ಸೊಂಟ ನೋಡುತ್ತ, ಇವಳ ಹೆಜ್ಜೆ ನೋಡಿಲ್ಲ. ಏನ್ರೇ ಅದು ಗುಸುಗುಸು, ಹಚ್ಚಾಯ್ತಾ, ಜುಮಾಗುಲ್ ಅತ್ತೆ ಕೂಗುತ್ತಾಳೆ, ಆವಿಯೊಳಗಿಂದ, ಎಲ್ಲಿಂದಲೋ. ಇವತ್ತು ಹಚ್ಚಲ್ಲ ಅತ್ತೆ, ಎನ್ನುತ್ತಾಳೆ ಬಾಷೋರತ್ ಅಕ್ಕ, ಜೋರಾಗಿ, ಎಲ್ಲರಿಗೂ ಕೇಳುವಂತೆ, ಬೆಳಿಗ್ಗೆ ನಾವಿಬ್ರೂ ಆಸ್ಪತ್ರೆಗೆ ಹೋಗ್ಬೇಕು. ಎಲ್ಲೋ ಚೆಂಬು ಕಲ್ಲಿಗೆ ತಾಗಿದ ಸದ್ದು. ನಾನು ಅವಳ ಮಣಿಕಟ್ಟು ಬಿಟ್ಟಿಲ್ಲ, ಅವಳು ಬಿಡಿಸಿಕೊಂಡಿಲ್ಲ, ಅವಳ ಬೆರಳ ತುದಿಯಲ್ಲಿ ಹಳದಿ ಹನಿ, ನನ್ನ ಹೊಟ್ಟೆಯ ಮೇಲೆ ಸರಿಯಾಗಿ, ಉದ್ದವಾಗುತ್ತ, ತೆಳ್ಳಗಾಗುತ್ತ, ಹನಿ, ಬೀಳದೆ.