ಎರೆಹಾದಿಗೆ ಎಂಥ ಟಾಯರು?

ಎರೆ ಭೂಮಿಯ, ಅಂದರೆ ಕಾಲಿಗಂಟುವ ಕಪ್ಪು ಮಣ್ಣಿನ ಊರಿಗೆ ಮಗಳನ್ನು ಕೊಟ್ಟ ತಾಯಿಗೆ ಶ್ರಾವಣ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ನಾಗರ ಪಂಚಮಿಗೆ ಮಗಳು ತವರಿಗೆ ಬರಬೇಕು. ಮಳೆಯೂ ಆಗಲೇ ಬರಬೇಕು. ಮಳೆ ಬಿದ್ದರೆ ಎರೆಹಾದಿ ಅಂಬಲಿಯಾಗುತ್ತದೆ, ಎತ್ತಿನ ಚಕ್ಕಡಿ ಅಚ್ಚಿನವರೆಗೆ ಹೂತುಹೋಗುತ್ತದೆ. ತವರಿನವರು ಹೋಗಿ ಕರೆಯದೆ ಮಗಳು ತಾನಾಗಿ ಹೊಸ್ತಿಲು ದಾಟುವ ಪದ್ಧತಿಯೂ ನಮ್ಮಲ್ಲಿಲ್ಲ. ಹೀಗಾಗಿ ಅತ್ತ ಅವಳು ಬಟ್ಟೆಯ ಗಂಟು ಕಟ್ಟಿಕೊಂಡು ಹಾದಿ ನೋಡುತ್ತಾಳೆ, ಇತ್ತ ಇವಳು ಒಲೆಯ ಮುಂದೆ ಕೂತು ಹಾದಿ ನೋಡುತ್ತಾಳೆ. ನಡುವೆ ಇರುವುದು ಬರೀ ಕೆಸರು.

ಗಬ್ಬೂರಿನ ಸತ್ಯವ್ವನಿಗೆ ಹೀಗೆ ಎರಡು ಪಂಚಮಿ ಬರಿದೇ ಹೋಗಿದ್ದವು. ಒಬ್ಬಳೇ ಮಗಳು ಶೇವಂತೆವ್ವನನ್ನು ಕೊಟ್ಟದ್ದು ನವಲಗುಂದದ ಕಡೆಗೆ, ಡಾಂಬರು ರಸ್ತೆಯಿಂದ ಎರಡು ಮೈಲು ಒಳಗಿನ ಒಂದು ಹಳ್ಳಿಗೆ. ಓಣಿಯಲ್ಲಿ ಮಂದಿಯ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತ ನಗುವಾಗ ಸತ್ಯವ್ವ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇರುತ್ತಿದ್ದಳು. ಯಾರಾದರೂ ಬಂದು ಕಣ್ಣೇಕೆ ಕೆಂಪಾಗಿವೆ ಎಂದರೆ, ಒಲೆಯ ಹೊಗೆ ಎನ್ನುತ್ತಿದ್ದಳು.

ಈ ವರ್ಷದ ಮಾತು ಇನ್ನೂ ಬೇರೆ. ಶೇವಂತೆವ್ವ ಈಗ ಆರು ತಿಂಗಳ ಬಸುರಿ. ಪಂಚಮಿಗೆಂದು ಬಂದವಳು ಬಾಣಂತನ ಮುಗಿಸಿಕೊಂಡೇ ಮರಳಲಿ ಎಂದು ಬೀಗರು ಒಪ್ಪಿದ್ದರು. ಆದರೆ ಈಗ ಬಾರದೆ ಉಳಿದರೆ, ಹಾದಿ ಒಣಗುವುದು ದೀಪಾವಳಿಯ ಹೊತ್ತಿಗೆ. ಅಷ್ಟರಲ್ಲಿ ದಿನ ತುಂಬಿರುತ್ತವೆ. ಚೊಚ್ಚಲ ಹೆರಿಗೆ ದವಾಖಾನೆಯಿಲ್ಲದ ಆ ಹಳ್ಳಿಯಲ್ಲಿ, ತಾಯಿಯ ಕೈ ಎಟುಕದ ಕಡೆ ಆಗಬೇಕಾಗುತ್ತದೆ. ಹಿಂದಿನ ಮಳೆಗಾಲದಲ್ಲಿ ಅದೇ ಹಾದಿಯಲ್ಲಿ ಒಂದು ಚಕ್ಕಡಿ ಮಗುಚಿ ಬಿದ್ದಿತ್ತು. ಅಂದಿನಿಂದ ಬಸುರಿಯನ್ನು ಚಕ್ಕಡಿಯಲ್ಲಿ ಕಳಿಸುವುದಿಲ್ಲ ಎಂದು ಬೀಗರು ಕಡ್ಡಿ ಮುರಿದಂತೆ ಹೇಳಿದ್ದರು. ಅವರ ಮಾತೂ ತಪ್ಪಲ್ಲ.

ಆದರೆ ಈ ಸಲ ಸತ್ಯವ್ವನಿಗೆ ಒಂದು ಧೈರ್ಯವಿತ್ತು. ಅವಳ ಗಂಡ ಗುರುಶಿದ್ದಪ್ಪ ಹೊಲಕ್ಕೂ ಪೇಟೆಗೂ ಆಗಲೆಂದು ಹೊಸ ಜೀಪು ಕೊಂಡಿದ್ದ. ನಾಲ್ಕೂ ಗಾಲಿ ಎಳೆಯುವ ಜೀಪು. ಅದನ್ನು ಮನೆಗೆ ತರುವ ಮೊದಲು ಗುರುಶಿದ್ದಪ್ಪ ಡ್ರೈವರ್ ಗುಲಾಬಸಾಬನನ್ನು ಕರೆದುಕೊಂಡು ಹುಬ್ಬಳ್ಳಿಯ ಟಾಯರು ಅಂಗಡಿಗೆ ಹೋದ. ಕೆಸರಿಗೆ ಬೇರೆ ಟಾಯರು ಬೇಕೇ ಎಂದು ಅಂಗಡಿಯವನು ಕೇಳಿದಾಗ, ಹುಟ್ಟಿದಾಗಿನಿಂದ ಎತ್ತಿನ ಬಾಲ ಹಿಡಿದು ಬೆಳೆದ ಗುರುಶಿದ್ದಪ್ಪ ಚಕ್ಕಡಿಯ ಲೆಕ್ಕವನ್ನೇ ಹಾಕಿದ.

"ಜಗ್ಗೂದು ಮುಂದಿನ ಎತ್ತು, ಹಿಂದಿನ ಗಾಲಿ ಸುಮ್ನ ಉರುಳ್ತೈತಿ" ಎಂದ. "ಮುಂದ ಎರಡು ಛಲೋ ದಪ್ಪನ್ನ ಟಾಯರ ಹಾಕು, ಆನಿ ಕಾಲಿದ್ದಂಗ ಇರಬೇಕು. ಹಿಂದ ಇದ್ದದ್ದ ಇರಲಿ."

ಅಂಗಡಿಯವನು ಹಾಕಿಕೊಟ್ಟ. ಬಡಿದರೆ ಡೊಳ್ಳಿನಂತೆ ಸಪ್ಪಳವಾಗುವಷ್ಟು ಗಾಳಿ ತುಂಬಿಸಿದರು. ಆಮೇಲೆ ಸಾಮಾನಿನ ಪಾಳಿ. ಮೂರು ರಾಗದ ಹಾರ್ನು ಬಂತು, ಸೀಟಿಗೆ ಕೆಂಪು ಹೊದಿಕೆ ಬಂತು, ಕನ್ನಡಿಗೆ ತೂಗುವ ಗೊಂಡೆ ಬಂತು. ಒಂದು ಸಲಿಕೆ, ಒಂದು ಹಗ್ಗ ಇರಲಿ ಎಂದು ಗುಲಾಬಸಾಬ ಅಂದದ್ದಕ್ಕೆ, ಹೊಸ ಗಾಡಿಗೆ ಹಗ್ಗ ಕಟ್ಟಲು ಅದೇನು ಎಮ್ಮೆಯೇ ಎಂದು ಗುರುಶಿದ್ದಪ್ಪ ನಕ್ಕುಬಿಟ್ಟ.

ಅಮಾವಾಸ್ಯೆಯ ಮರುದಿನ ಜೀಪು ಮಗಳ ಊರಿಗೆ ಹೊರಟಿತು. ಡಾಂಬರಿನ ಮೇಲೆ ಅಂಬಾರಿಯಂತೆ ಹೋಯಿತು. ಎರೆಹಾದಿಗೆ ಇಳಿದದ್ದೇ ತಡ, ದಪ್ಪ ಟಾಯರು ಮಣ್ಣನ್ನು ಸುತ್ತಿಕೊಳ್ಳತೊಡಗಿತು. ಮಣ್ಣು ಮೇಲಿನ ಮಡ್‌ಗಾರ್ಡಿಗೆ ಒತ್ತಿ ಒತ್ತಿ ಮುಂದಿನ ಗಾಲಿ ತಿರುಗದಂತಾಯಿತು. ಹಿಂದಿನ ನುಣುಪು ಗಾಲಿ ನಿಂತಲ್ಲೇ ಜಾರಿ ಗುಂಡಿ ತೋಡಿತು. ಗುಲಾಬಸಾಬ ಹಾರ್ನು ಒತ್ತಿದ, ಹೊಲದವರು ಬರಲಿ ಎಂದು. ಬಂದವರು ಸುತ್ತ ನಿಂತು ನೋಡಿದರು. ಒಬ್ಬ ಮುದುಕ, ಇನ್ನೊಂದು ರಾಗ ಹಚ್ಚಿರಿ, ಈ ರಾಗಕ್ಕೆ ಎರೆ ಕರಗಲಿಲ್ಲ ಎಂದ.

ಗುರುಶಿದ್ದಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ಕೆಸರಿನಲ್ಲಿ ನಡೆದೇ ಮಗಳ ಮನೆ ಮುಟ್ಟಿದ. ಹಾರ್ನು ಅವಳಿಗೆ ಆಗಲೇ ಕೇಳಿಸಿತ್ತು. ಹೊಸ ಸೀರೆ ಉಟ್ಟು, ಗಂಟನ್ನು ಮಡಿಲಿಗೆ ಆನಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಪ್ಪನ ಕಾಲು ನೋಡಿದಳು. ಬಿಸಿನೀರು ತಂದು ಕಾಲಿಗೆ ಹಾಕಿದಳು. ಆಮೇಲೆ ಮೂಲೆಯಲ್ಲಿ ಕೂತು ಗಂಟು ಬಿಚ್ಚಿ ಒಂದೊಂದೇ ಸೀರೆಯನ್ನು ಪೆಟ್ಟಿಗೆಗೆ ಮರಳಿ ಹಾಕಿದಳು.

"ಯವ್ವಗ ಹೇಳಪಾ, ನಾ ಆರಾಮ ಅದೇನಿ ಅಂತ" ಎಂದಳು.

ಸಂಜೆಗೆ ಜೀಪನ್ನು ಎರಡು ಜೋಡಿ ಎತ್ತು ಹಿಂದಕ್ಕೆ ಎಳೆದು ಡಾಂಬರಿಗೆ ಮುಟ್ಟಿಸಿದವು. ಹಗ್ಗವೂ ಎತ್ತಿನವರದೇ.

ಗಂಡ ಒಬ್ಬನೇ ಇಳಿದದ್ದನ್ನು ನೋಡಿ ಸತ್ಯವ್ವ ಒಳಗೆ ಹೋದಳು. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಮರುದಿನ ಬೆಂಗೇರಿಯಿಂದ ಕಸ್ತೂರೆವ್ವ ಬಂದಳು. ಸರಕಾರಿ ದವಾಖಾನೆಯ ನರ್ಸಬಾಯಿ, ಸತ್ಯವ್ವನ ಗೆಳತಿ. ಹಳ್ಳಿಹಳ್ಳಿಗೆ ದವಾಖಾನೆಯ ಜೀಪಿನಲ್ಲಿ ತಿರುಗುವವಳು. ಬಸುರಿ ಮಗಳನ್ನು ನೋಡಿ ಹೋಗೋಣವೆಂದು ಬಂದವಳು ಬಂದ ಕೂಡಲೇ ಮಗಳಿಲ್ಲದ ಮನೆ ಕಂಡಳು. ಅಂಗಳದಲ್ಲಿ ನಿಂತ ಜೀಪನ್ನೂ ಕಂಡಳು. ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ಅಲ್ಲಿ ಕೈ ತೂರಿಸಿ ನೋಡಿದಳು, ಬೆರಳೂ ಹೋಗಲಿಲ್ಲ.

ಎಂಥ ಟಾಯರು ಹಾಕಿಸಿದ್ದೀರಿ ಎಂದು ಅವಳು ಕೇಳಿದ್ದಕ್ಕೆ ಗುರುಶಿದ್ದಪ್ಪನಿಗೆ ಸಿಟ್ಟು ಬಂತು.

"ಬಾಯಾರ, ಇದೇನು ಬಾಣಂತನ ಅಲ್ರಿ. ಇದು ಗಾಡಿ."

"ಖರೇ ಅದ ಅಣ್ಣಾರ" ಎಂದಳು ಕಸ್ತೂರೆವ್ವ. "ಆದ್ರ ಈ ಕೈಯಾಗ ಕೂಸು ಹೊರಗ ತಗದದ್ದಕ್ಕಿಂತ ಕೆಸರಾಗಿಂದ ಜೀಪ ಹೊರಗ ತಗದದ್ದ ಹೆಚ್ಚ ಐತ್ರಿ."

ಗುಲಾಬಸಾಬ ಮುಖ ಆಚೆ ತಿರುಗಿಸಿ ನಕ್ಕ. ಗುರುಶಿದ್ದಪ್ಪ ನಗದಿದ್ದರೂ ಕಟ್ಟೆಯ ಮೇಲೆ ಕೂತ. ಕಸ್ತೂರೆವ್ವ ಅವನಿಗೆ ತಿಳಿಯುವ ಮಾತಿನಲ್ಲೇ ಹೇಳಿದಳು. ಮಳೆಯಲ್ಲಿ ಹೊಲಕ್ಕೆ ಹೋಗುವಾಗ ಚಪ್ಪಲಿ ಏಕೆ ಕಳಚುತ್ತೀರಿ? ಎರೆ ಅಂಟಿ ಅಂಟಿ ಅದು ಮೊರದಷ್ಟಾಗುತ್ತದೆ, ಅದಕ್ಕೆ. ದಪ್ಪ ಟಾಯರಿಗೂ ಅದೇ ಗತಿ. ಕೆಸರಿಗೆ ಬೇಕಾದದ್ದು ಸಣಕಲು ಟಾಯರು. ಅದು ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಹಲ್ಲು ಆಳವಿರಬೇಕು, ಹಲ್ಲಿಗೂ ಹಲ್ಲಿಗೂ ನಡುವೆ ಅಂತರ ಬೇಕು. ಆಗ ಗಾಲಿ ತಿರುಗಿದಂತೆ ಮಣ್ಣು ತಾನೇ ಸಿಡಿದು ಬೀಳುತ್ತದೆ. ಟಾಯರಿನ ಮೇಲೆ ಮಡ್‌ಗಾರ್ಡಿನ ಒಳಗೆ ಕೈ ಆರಾಮಾಗಿ ಆಡಬೇಕು.

"ಮುಂದಿನ ಎರಡಕ್ಕ ಹಾಕಿದ್ರ ಸಾಲೂದಿಲ್ಲೇನ್ರಿ?" ಗುರುಶಿದ್ದಪ್ಪ ಇನ್ನೂ ಬಿಟ್ಟಿರಲಿಲ್ಲ. "ಜಗ್ಗೂವು ಮುಂದಿನವು."

"ಇದು ಚಕ್ಕಡಿ ಅಲ್ರಿ ಅಣ್ಣಾರ, ಇದಕ್ಕ ನಾಕೂ ಎತ್ತನ. ಒಂದು ದೊಡ್ಡ ಎತ್ತು, ಒಂದು ಸಣ್ಣ ಕರ ಜೋಡಿ ಮಾಡಿ ನೊಗಾ ಹೂಡ್ತೀರೇನು? ನಾಕೂ ಟಾಯರ ಒಂದ ಅಳತಿ, ಒಂದ ನಮೂನಿ ಇರಬೇಕು. ಇಲ್ಲಂದ್ರ ಒಂದಕ್ಕೊಂದು ಜಗಳಾಡಿ ಒಳಗಿನ ಗೇರ ತಿಂತಾವ."

ಎತ್ತಿನ ಮಾತು ಗುರುಶಿದ್ದಪ್ಪನಿಗೆ ನಾಟಿತು. ಹೆಚ್ಚಿನ ಟಾಯರು, ಅಂದರೆ ಸ್ಟೆಪ್ನಿಯೂ ಅದೇ ಅಳತೆಯದಿರಬೇಕೇ ಎಂದು ತಾನಾಗಿ ಕೇಳಿದ. ಹೌದೆಂದಳು. ಗಾಳಿಯ ವಿಷಯವನ್ನೂ ಹೇಳಿದಳು. ಡಾಂಬರಿನ ಮೇಲೆ ಕಂಪನಿ ಹೇಳಿದಷ್ಟು ಗಾಳಿ ಇರಲಿ. ಕೆಸರಿಗೆ ಇಳಿಯುವ ಮೊದಲು ನಾಲ್ಕರಲ್ಲೂ ಸಮನಾಗಿ ತುಸು ಬಿಡಬೇಕು, ನಿಧಾನ ಹೋಗಬೇಕು. ಮರಳಿ ರಸ್ತೆಗೆ ಬಂದ ಕೂಡಲೇ ತುಂಬಬೇಕು. ಅದಕ್ಕೆ ಕೈಪಂಪು, ಗಾಳಿ ಅಳೆಯುವ ಗೇಜು ಗಾಡಿಯಲ್ಲೇ ಇರಬೇಕು. ಒಂದು ಸಲಿಕೆ, ಒಂದು ಗಟ್ಟಿ ಹಗ್ಗ. ಜ್ಯಾಕಿನ ಕೆಳಗೆ ಇಡಲು ಅಗಲವಾದ ಹಲಗೆ, ಇಲ್ಲದಿದ್ದರೆ ಗಾಡಿ ಏಳುವ ಬದಲು ಜ್ಯಾಕೇ ಕೆಳಗಿಳಿಯುತ್ತದೆ. ಬಸುರಿಗೆ ಮಳೆ ಬಡಿಯದಂತೆ ಮೇಲೆ ತಾಡಪತ್ರಿ. ಹಾರ್ನು ಒಂದೇ ರಾಗದ್ದಾದರೂ ನಡೆಯುತ್ತದೆ.

"ಹಳ್ಳ ತುಂಬಿ ಹರೀತಿದ್ರ ಮಾತ್ರ ಎಂಥಾ ಟಾಯರ ಇದ್ರೂ ದಂಡಿಗೆ ನಿಂದರ್ರಿ" ಎಂದು ಕೊನೆಗೆ ಗುಲಾಬಸಾಬನಿಗೂ ಹೇಳಿದಳು.

ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಸತ್ಯವ್ವ ಈಗ ಹೊರಗೆ ಬಂದಳು. ಕೊಳ್ಳುವ ಕೊಡುವ ವಿಷಯದಲ್ಲಿ ಗಂಡನ ಎದುರು ಎಂದೂ ಮಾತಾಡಿದವಳಲ್ಲ.

"ನೋಡ್ರಿ, ಆ ಗೊಂಡೆ, ಆ ಹಾರ್ನಾ ಎಲ್ಲಾ ಮರಳಿ ಕೊಡ್ರಿ" ಎಂದಳು. "ನನಗ ನನ್ನ ಮಗಳ ಬೇಕು."

ಗುರುಶಿದ್ದಪ್ಪ ಅಂದೇ ಹುಬ್ಬಳ್ಳಿಗೆ ಹೋಗಿ ಕಸ್ತೂರೆವ್ವ ಹೇಳಿದ ಟಾಯರು, ಸಾಮಾನು ಎಲ್ಲ ಹಾಕಿಸಿಕೊಂಡು ಬಂದ. ಚೌತಿಯ ಮುಂಜಾನೆ ಜೀಪು ಮತ್ತೆ ಎರೆಹಾದಿಗೆ ಇಳಿಯಿತು. ರಸ್ತೆಯ ಅಂಚಿನಲ್ಲಿ ನಿಲ್ಲಿಸಿ ಗುಲಾಬಸಾಬ ಗಾಳಿ ಬಿಟ್ಟ. ಮಣ್ಣು ಹತ್ತಿತು, ಸಿಡಿಯಿತು, ಮತ್ತೆ ಹತ್ತಿತು. ಒಂದು ಕಡೆ ಹಿಂದಿನ ಗಾಲಿ ಕುಸಿಯಿತು. ಗುರುಶಿದ್ದಪ್ಪ ತಾನೇ ಇಳಿದು ಸಲಿಕೆ ಹಿಡಿದ, ಹಲಗೆ ಕೊಟ್ಟ, ಜೀಪು ಎದ್ದಿತು. ಅಂದು ಮಗಳ ಮನೆಯ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಮತ್ತೊಮ್ಮೆ ಗಂಟು ಕಟ್ಟಿ ಮತ್ತೊಮ್ಮೆ ಬಿಚ್ಚುವ ಧೈರ್ಯ ಅವಳಿಗಿರಲಿಲ್ಲ. ಅಪ್ಪ ಕರೆದಾಗ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಅಂಗಳದಲ್ಲಿ ನಿಂತ ಗಾಡಿಯನ್ನು ಬಹಳ ಹೊತ್ತು ನೋಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಬಣ್ಣವೇ ಕಾಣದಷ್ಟು ಕೆಸರಾದ ಜೀಪು ಗಬ್ಬೂರಿಗೆ ಬಂತು. ಅಪ್ಪನ ಹೆಗಲು ಹಿಡಿದು ಶೇವಂತೆವ್ವ ಇಳಿದಳು. ಸತ್ಯವ್ವ ಒಳಗಿನಿಂದ ಓಡಿ ಬಂದಳು. ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ಬಾತಿದ್ದ ಅವಳ ಪಾದಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅಲ್ಲಿಯೇ ಒತ್ತತೊಡಗಿದಳು.

"ಯವ್ವಾ, ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡವಾ. ಇಷ್ಟ ದಿನ ನಾ ಮಂದಿ ಮಕ್ಕಳನ್ನ ನೋಡೇನಿ."

ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಗೂ ಊರ ಸೊಸೈಟಿಗೂ ನಾಳೆ ಜೀಪು ಬರಬಹುದು. ಆಗ ಅಂಗಡಿಯಲ್ಲಿ ಥಳಥಳಿಸುವುದನ್ನು ನೋಡಿ ಮರುಳಾಗಬೇಡಿರಿ. ನಮ್ಮ ಹಾದಿ ಎರೆಯೋ, ಮರಳೋ, ಕಲ್ಲೋ ಎಂದು ಮೊದಲು ಹೇಳಿ, ಅದಕ್ಕೆ ತಕ್ಕ ಟಾಯರು ಕೇಳಿರಿ. ನಾಲ್ಕೂ ಒಂದೇ ಅಳತೆಯವಿರಲಿ. ಸಲಿಕೆ, ಹಗ್ಗ, ಹಲಗೆ, ಪಂಪು ಮೊದಲು ಬರಲಿ, ಗೊಂಡೆ ಆಮೇಲೆ. ಇದು ಗಂಡಸರ ವಿಷಯವೆಂದು ಹೆಣ್ಣುಮಕ್ಕಳು ಬಾಗಿಲ ಹಿಂದೆ ನಿಲ್ಲಬೇಡಿರಿ. ಕೇಳಲು ಸಂಕೋಚವಾಗುತ್ತದೆ, ನಿಜ. ಆದರೂ ಕೇಳಿರಿ. ಆ ಹಾದಿಯ ಆಚೆ ತುದಿಯಲ್ಲಿ ನಿಮ್ಮವರು ಯಾರೋ ಕಾಯುತ್ತಿರುತ್ತಾರೆ.