ಹುಡುಗಿಯ ಬಣ್ಣ

"ಮುಂದಿನ ಬಾಗಿಲಿಗೆ ಬರಬ್ಯಾಡ್ರಿ ಅಕ್ಕಾರ, ಹಿತ್ತಲಾಗಿಂದ ಬರ್ರಿ. ರಾಣೇಬೆನ್ನೂರಿನವರು ಬಂದು ಕುಂತಾರ," ಎಂದು ಪ್ರೇಮವ್ವ ನಿರ್ಮಲಾಳ ಕೈಚೀಲವನ್ನು ಕಸಿದು ಸೆರಗಿನಡಿ ಮುಚ್ಚಿಕೊಂಡಳು. ಚೀಲದಲ್ಲಿದ್ದದ್ದು ಸೂಜಿ, ಹತ್ತಿ, ರಕ್ತ ತುಂಬುವ ಕೊಳವೆಗಳು. ಕನ್ಯಾ ನೋಡಲು ಬಂದವರ ಕಣ್ಣಿಗೆ ಬಿದ್ದರೆ ಬ್ಯಾಡಗಿ ಪೇಟೆಯಲ್ಲಿ ಮನೆತನದ ಮಾನ ಹರಾಜಾಗಲು ಅಷ್ಟು ಸಾಕಿತ್ತು.

ಪ್ರೇಮವ್ವ ಮದುವೆಯಾದದ್ದು ಸ್ವಂತ ಸೋದರಮಾವ ಕರಬಸಪ್ಪನನ್ನು. ಮನೆಯ ಆಸ್ತಿ ಮನೆಯಲ್ಲೇ ಉಳಿಯಿತು, ರಕ್ತದ ದೋಷವೂ ಉಳಿಯಿತು. ಮಗಳು ಶಿಲ್ಪಾ, ಮೈಯಲ್ಲಿ ಸರಿಯಾದ ರಕ್ತ ಹುಟ್ಟದೆ, ಕೂಸಾಗಿದ್ದಾಗಿನಿಂದ ಹಾವೇರಿಯ ಆಸ್ಪತ್ರೆಯಲ್ಲಿ ಪರರ ರಕ್ತ ಏರಿಸಿಕೊಂಡೇ ಬೆಳೆದಳು. ಎರಡು ವರ್ಷದ ಹಿಂದೆ ಬೆಂಗಳೂರಿನ ವೈದ್ಯರು ಅವಳ ಮಜ್ಜೆಯ ಕೋಶಗಳನ್ನು ತೆಗೆದು, ಜೀನನ್ನು ಕತ್ತರಿಸಿ ತಿದ್ದಿ, ಮತ್ತೆ ಅವಳಿಗೇ ಸೇರಿಸಿದರು. ಹೊರಗಿನ ರಕ್ತ ನಿಂತಿತು. ಆದರೆ ಆ ಕತ್ತರಿ ಹೇಳಿದಲ್ಲಿ ಮಾತ್ರ ಕತ್ತರಿಸಿತೋ, ಹೇಳದ ಕಡೆಯೂ ಆಡಿತೋ ಎಂದು ತಿಳಿಯಲು ಹದಿನೈದು ವರ್ಷ ಆಗಾಗ ರಕ್ತ ಪರೀಕ್ಷೆಗೆ ಕೊಡಬೇಕಿತ್ತು. ಮಗಳಿಗೆ ಸಂಬಂಧ ಹುಡುಕತೊಡಗಿದ ಮೇಲೆ ಕರಬಸಪ್ಪ ಬೆಂಗಳೂರಿನ ಆಸ್ಪತ್ರೆಯ ಫೋನು ಎತ್ತುವುದನ್ನೇ ಬಿಟ್ಟ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಅದಕ್ಕೇ ಆ ಆಸ್ಪತ್ರೆಯ ಪರವಾಗಿ ಮನೆಮನೆಗೆ ಹೋಗಿ ರಕ್ತ ತರುವ ನಿರ್ಮಲಾ ಇವತ್ತು ಹೇಳದೆ ಕೇಳದೆ ಬಂದಿದ್ದಳು.

"ಪ್ರೇಮಕ್ಕ, ಇದ ಚಿಕಿತ್ಸೆ ಆದ ಇನ್ನೊಬ್ಬ ಹುಡುಗಂದು ರಕ್ತ ಕೆಟ್ಟೈತಿ. ಹೊಸಬರಿಗೆ ಮಾಡೂದು ನಿಲ್ಲಿಸ್ಯಾರ. ಕತ್ತರಿ ಎಲ್ಲಿ ಜಾರೈತಿ ಅಂತ ಗೊತ್ತಾದ್ರನ ಅದಕ್ಕ ಕಡಿವಾಣ ಹಾಕಾಕ ಬರತೈತಿ. ಚಿಕಿತ್ಸೆ ಆದವರದೆಲ್ಲಾ ರಕ್ತ ನೋಡಬೇಕು. ರೋಗ ಲಗೂ ಸಿಕ್ರ ಔಷಧಾನೂ ಐತಿ."

"ಬಾಯಾಗ ಒಳ್ಳೇದ ನುಡೀರಿ. ಲಗ್ನಾ ಒಂದ ಆಗ್ಲಿ, ನಾನ ಕರಕೊಂಡ ಬರ್ತೇನಿ."

"ಲಗ್ನಾ ಆದಮ್ಯಾಲೆ ಆಕಿ ನಿಮ್ಮ ಕೈಯಾಗ ಇರ್ತಾಳೇನು?"

ಪಡಸಾಲೆಯಿಂದ ವರನ ತಾಯಿಯ ದನಿ ಕೇಳಿಸಿತು. "ಹುಡುಗಿ ಫೋಟೋದಾಗಿನಕಿಂತ ಬೆಳ್ಳಗ ಅದಾಳ ಬಿಡ್ರಿ! ನಮ್ಮ ಮನ್ಯಾಗ ಇಂಥಾ ಬಣ್ಣ ಯಾರದೂ ಇಲ್ಲ."

"ಹೌದ್ರಿ, ಈಗೊಂದು ತಿಂಗಳಿಂದ ಹೊಸಾ ಕಳಾ ಬಂದೈತಿ," ಎಂದು ಕರಬಸಪ್ಪ ಉಬ್ಬಿಹೋದ. ಅವನು ಮೆಣಸಿನಕಾಯಿ ದಲಾಲ. ಒಂದು ಕಾಯಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಿ ಬಣ್ಣ ಅಸಲಿಯೋ ನಕಲಿಯೋ ಹೇಳಿದರೆ ಇಡೀ ಪೇಟೆ ಒಪ್ಪುತ್ತಿತ್ತು. ಅಂಥ ಕಣ್ಣಿಗೆ ಸ್ವಂತ ಮಗಳ ಮುಖ ಮಾತ್ರ ಕಾಣಲಿಲ್ಲ.

ನಿರ್ಮಲಾ ಬಾಗಿಲ ಸಂದಿಯಿಂದ ನೋಡಿದಳು. ಹುಡುಗಿಯ ತುಟಿಯಲ್ಲಿ ಕೆಂಪಿರಲಿಲ್ಲ, ಉಗುರಲ್ಲೂ ಇರಲಿಲ್ಲ. ಅವಲಕ್ಕಿಯ ತಟ್ಟೆಗಳನ್ನು ಎತ್ತಿಕೊಂಡವಳು ಗೋಡೆ ಹಿಡಿದು ಬರುತ್ತಿದ್ದಳು. ನಿರ್ಮಲಾ ಪ್ರೇಮವ್ವನ ಸೆರಗಿನಡಿಯಿಂದ ಕೈಚೀಲವನ್ನು ಮರಳಿ ಎಳೆದುಕೊಂಡಳು.

ಅಡುಗೆಮನೆಗೆ ಬಂದವಳೇ ಶಿಲ್ಪಾ ಜೋಳದ ಚೀಲದ ಮೇಲೆ ಕುಸಿದು ಕುಳಿತು ಏದುಸಿರು ಬಿಟ್ಟಳು.

"ಎಷ್ಟ ದಿನದಿಂದ ಹಿಂಗ?" ಎಂದು ನಿರ್ಮಲಾ ಕೇಳಿದಳು.

"ತಿಂಗಳಾತ್ರಿ. ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತಿ. ಹೇಳಿದ್ರ ಈ ಸಂಬಂಧ ತಪ್ಪತೈತಿ ಅಂತ ಸುಮ್ನಿದ್ದೆ." ರೇಷ್ಮೆ ಕುಪ್ಪಸದ ತೋಳನ್ನು ಶಿಲ್ಪಾ ತಾನೇ ಮೇಲಕ್ಕೆ ಸರಿಸಿದಳು. ಒಳಗೆಲ್ಲ ನೀಲಿ ಕಲೆಗಳಿದ್ದವು. "ತಗೋರಿ ಅಕ್ಕಾರ. ನಂಗ ಸಾಯಾಕ ಮನಸಿಲ್ರಿ."

"ಏ ಹುಚ್ಚಿ! ಮಂದಿ ಅಲ್ಲೇ ಕುಂತಾರ!" ಎಂದು ಪ್ರೇಮವ್ವ ತಡೆಯಲು ಧಾವಿಸಿದಳು. ಕಲೆಗಳನ್ನು ಕಂಡು ಅಲ್ಲೇ ನಿಂತಳು. ಈ ತೋಳನ್ನು ಅವಳು ಎಷ್ಟು ಸೂಜಿಗಳಿಗೆ ಹಿಡಿದುಕೊಟ್ಟಿದ್ದಳೋ ಲೆಕ್ಕವಿಲ್ಲ. ಕೈ ತಾನಾಗಿ ಹೋಗಿ ಮೊಣಕೈ ಮೇಲೆ ಒತ್ತಿ ಹಿಡಿಯಿತು. ಇನ್ನೊಂದು ಕೈ ಮಗಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಿತು. ನಿರ್ಮಲಾ ಸೂಜಿ ಚುಚ್ಚಿದಳು.

ಕೊಳವೆ ತುಂಬಿತು.

"ಇಷ್ಟ ತೆಳ್ಳಗ್ಯಾಕೈತಿ?" ಎಂದು ಪ್ರೇಮವ್ವ ಪಿಸುಗುಟ್ಟಿದಳು. ನಿರ್ಮಲಾ ಸೂಜಿ ತೆಗೆದು ಹತ್ತಿ ಇಟ್ಟಳು.

"ಬೀಗರ, ಹುಡುಗಿ ನಮಗ ಒಪ್ಪಿಗಿ, ಕರಕೊಂಡ ಬರ್ರಿ, ಸಕ್ಕರಿ ತಿನಿಸೂಣು!" ಎಂದು ಪಡಸಾಲೆಯಿಂದ ವರನ ತಾಯಿಯ ಕೂಗು ಬಂತು.

"ಬಂದ್ವಿರಿ," ಎಂದಳು ಪ್ರೇಮವ್ವ.

ರಕ್ತ ನಿಲ್ಲದೆ ಹತ್ತಿ ಒದ್ದೆಯಾಯಿತು. ನಿರ್ಮಲಾ ಬೇರೆ ಹತ್ತಿ ಕೊಟ್ಟಳು. ಎರಡನೇ ಸಲ ಕರೆ ಬಂದಾಗ, ಕರಬಸಪ್ಪನ ಹೆಜ್ಜೆ ಸಪ್ಪಳ ಅಡುಗೆಮನೆಯ ಕಡೆಗೇ ಬರುತ್ತಿದ್ದಾಗ, ಪ್ರೇಮವ್ವ ಹೆಬ್ಬೆರಳನ್ನು ಹತ್ತಿಯ ಮೇಲೆ ಒತ್ತಿಕೊಂಡು ಮಗಳ ಪಕ್ಕದಲ್ಲಿ ಕುಳಿತೇ ಇದ್ದಳು.